ಕೈಗೆ ಸಿಕ್ಕರೆ ಕಿರ್ ಎನ್ನುವ ಮೀನು

[ದೃಶ್ಯ: ಕತ್ತಲು. ಅಡಿಕೆ ತೋಟದ ಬದಿಯ ತೋಡು. ಟಾರ್ಚ್ ಬೆಳಕು ನೀರಿನ ಮೇಲೆ.]

ನಮಸ್ಕಾರ. ಏತಡ್ಕದ ಹತ್ತಿರ ಒಂದು ತೋಡಿನಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದೇನೆ. ನಮ್ಮ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ, ಮಳೆ ನಿಂತ ಮೇಲೆ ಇಲ್ಲಿ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತಾರೆ. ಕಟ್ಟದ ಹಿಂದೆ ನಿಂತ ನೀರು, ತಳದಲ್ಲಿ ಕೊಳೆತ ಸೋಗೆ, ಕಲ್ಲಿನ ಸಂದು. ಮೀಸೆ ಮೀನಿಗೆ ಇನ್ನೇನು ಬೇಕು?

ಒಂದು ನಿಮಿಷ. ಇದನ್ನು ಕೇಳಿ.

[ಧ್ವನಿ: ಕಿರ್... ಕಿರ್... ಕಿರ್...]

ಕಪ್ಪೆ ಅಲ್ಲ. ಬಲೆಯಲ್ಲಿರುವ ಈ ಮೀನೇ ಕೂಗುತ್ತಿದೆ. ಕನ್ನಡದಲ್ಲಿ ಗಿರ್ಲು, ಮಲಯಾಳದಲ್ಲಿ ಕೂರಿ. ಬಾಯಿಂದ ಬರುವ ಸದ್ದಲ್ಲ ಇದು. ಕಿವಿರಿನ ಹಿಂದಿನ ರೆಕ್ಕೆಗೆ ಒಂದೊಂದು ಗಟ್ಟಿ ಮುಳ್ಳು ಇದೆ. ಆ ಮುಳ್ಳಿನ ಬುಡವನ್ನು ಭುಜದ ಮೂಳೆಯ ಗುಳಿಗೆ ತಿಕ್ಕಿ ಸದ್ದು ಮಾಡುತ್ತದೆ. ತುಕ್ಕು ಹಿಡಿದ ಬಾಗಿಲಿನ ಹಾಗೆ.

[ದೃಶ್ಯ: ಮುಳ್ಳು, ತೀರಾ ಹತ್ತಿರದಿಂದ.]

ಒಳಬದಿ ನೋಡಿ, ಗರಗಸದ ಹಲ್ಲು. ಬೆನ್ನ ಮೇಲೆ ಇನ್ನೊಂದು ಮುಳ್ಳು. ಗಾಬರಿಯಾದರೆ ಮೂರನ್ನೂ ನೆಟ್ಟಗೆ ಮಾಡಿ ಚಿಲಕ ಹಾಕಿಬಿಡುತ್ತದೆ. ಒತ್ತಿದರೆ ಮಡಚುವುದಿಲ್ಲ. ಇದನ್ನು ನುಂಗಲು ಹೋದ ಹಾವಿನ ಗತಿ ಯೋಚಿಸಿ!

ಹಾವೇ ಯಾಕೆ, ನನ್ನದೇ ಕಥೆ ಇದೆ. ಹೋದ ವರ್ಷ ಬಲೆಯಿಂದ ಬಿಡಿಸುವಾಗ ಹೆಬ್ಬೆರಳಿಗೆ ಚುಚ್ಚಿತು. ಸೂಜಿ ಚುಚ್ಚಿದಷ್ಟೇ ಗಾಯ. ಆದರೆ ಉರಿ ಮೊಣಕೈ ತನಕ ಏರಿತು. ಮುಳ್ಳಿನ ಸುತ್ತಲಿನ ಚರ್ಮದಲ್ಲಿ ವಿಷದ ಗ್ರಂಥಿ ಇರುತ್ತದೆ. ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ ಬೆರಳು ಅದ್ದಿ ಕೂತೆ, ಸುಮಾರು ಹೊತ್ತಿಗೆ ಉರಿ ಇಳಿಯಿತು. ಊತ ಜಾಸ್ತಿಯಾದರೆ ಮಾತ್ರ ಮನೆಮದ್ದು ಮಾಡ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಈಗ ಮೀಸೆ. ನಾಲ್ಕು ಜೊತೆ, ಅಂದರೆ ಎಂಟು. ಉದ್ದದ ಜೊತೆ ಹೊಟ್ಟೆಯ ರೆಕ್ಕೆಯ ತನಕ ಬರುತ್ತದೆ. ಮೀಸೆಯ ತುಂಬ ರುಚಿ ತಿಳಿಯುವ ಮೊಗ್ಗುಗಳು, ಮೈಮೇಲೂ ಇವೆ. ಹುರುಪೆ ಇಲ್ಲದ ಬರೀ ಚರ್ಮ ಅಲ್ವಾ? ನಾವು ನಾಲಿಗೆಯಲ್ಲಿ ಮಾಡುವ ಕೆಲಸವನ್ನು ಇದು ಇಡೀ ಮೈಯಲ್ಲಿ ಮಾಡುತ್ತದೆ. ಹಾಗಾಗಿ ಕತ್ತಲಾದರೂ, ನೀರು ಕಲಕಿದರೂ ಹುಳ, ಸಣ್ಣ ಸಿಗಡಿ ತಪ್ಪಿಸಿಕೊಳ್ಳುವುದು ಕಷ್ಟ. ಹಗಲೆಲ್ಲ ಕಲ್ಲಿನ ಸಂದಿನಲ್ಲಿ ನಿದ್ದೆ.

ಗಿರ್ಲುಗಳಲ್ಲಿ ಹಲವು ಜಾತಿ. ಪಶ್ಚಿಮ ಘಟ್ಟದ ಒಂದಕ್ಕೆ ಮಿಸ್ಟಸ್ ಮಲಬಾರಿಕಸ್ ಅಂತ ಹೆಸರು. 1849ರಲ್ಲಿ ಅದನ್ನು ಮೊದಲು ವಿವರಿಸಿದವನು ಜೆರ್ಡನ್, ಮದರಾಸು ಸೇನೆಯ ವೈದ್ಯ. ಹೆಸರಲ್ಲಿ ಮಲಬಾರ್ ಇದೆ, ಸರಿ. ಆಗ ನಮ್ಮ ಕಾಸರಗೋಡು ಇದ್ದದ್ದು ಕೆನರಾ ಜಿಲ್ಲೆಯಲ್ಲಿ!

[ದೃಶ್ಯ: ಮೊದಲ ಮಳೆ. ಗದ್ದೆಗೆ ನುಗ್ಗುವ ಕೆಂಪು ನೀರು.]

ಜೂನಿನ ಮೊದಲ ಜೋರು ಮಳೆಗೆ ಇವು ಮೊಟ್ಟೆ ಇಡಲು ತೋಡಿನಿಂದ ಗದ್ದೆಗೆ ಏರುತ್ತವೆ. ಆಳವಿಲ್ಲದ ನೀರು, ಮರಿಗೆ ಬೇಕಾದಷ್ಟು ಹುಳ. ಹಿಡಿಯುವವರಿಗೂ ಅದೇ ಸುಲಭದ ಹೊತ್ತು. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಬಕೆಟ್‌ಗಟ್ಟಲೆ ಸಿಗುತ್ತದೆ. ಮಲಯಾಳದಲ್ಲಿ ಇದಕ್ಕೆ ಊತ್ತ ಅನ್ನುತ್ತಾರೆ. ಹಾಗೆ ಹಿಡಿಯುವುದು ಕೇರಳದ 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲಿ ಅಪರಾಧ. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

[ದೃಶ್ಯ: ನೀರಿನ ಮಟ್ಟದಲ್ಲಿ ಬಲೆ.]

ಇವನನ್ನು ಕೈಯಿಂದ ಮುಟ್ಟುವುದಿಲ್ಲ, ಒಮ್ಮೆ ಬುದ್ಧಿ ಬಂದಿದೆ. ಬಲೆಯನ್ನೇ ಮಗುಚುತ್ತೇನೆ. ಹಾಂ... ಹೋದ. ಮುಳ್ಳು ಮಡಚಿಕೊಂಡು ಸೀದಾ ಸೋಗೆಯ ಅಡಿಗೆ.