ಬಾಡಿಗೆ ಮನೆಯೇ ಪಿಂಚಣಿ ಅಂದುಕೊಂಡಿದ್ದೀರಾ? ಮೊದಲು ಈ ಲೆಕ್ಕ ನೋಡಿ

ನಮಸ್ಕಾರ. ವಾಸಕ್ಕೆ ಒಂದು ಮನೆ, ಬಾಡಿಗೆಗೆ ಇನ್ನೊಂದು. ರಿಟೈರ್ ಆದ ಮೇಲೆ ಬಾಡಿಗೆಯಲ್ಲೇ ಸಂಸಾರ ನಡೆಯುತ್ತದೆ ಅಂತ ನಂಬಿರುವವರು ನಮ್ಮಲ್ಲಿ ತುಂಬಾ ಜನ. ಆಸೆಯೇನೂ ತಪ್ಪಲ್ಲ. ಆದರೆ ಬರುವ ಬಾಡಿಗೆ ಬೇರೆ, ಕೈಯಲ್ಲಿ ಉಳಿಯುವ ದುಡ್ಡು ಬೇರೆ. ನಲವತ್ತೈದರಲ್ಲಿ ಈ ಲೆಕ್ಕ ಹಾಕಿದರೆ ಸರಿಮಾಡಿಕೊಳ್ಳಲು ಟೈಮ್ ಇರುತ್ತದೆ.

[ಸ್ಕ್ರೀನ್ ಮೇಲೆ: ವರ್ಷದ ಬಾಡಿಗೆ 2,40,000]

ತಿಂಗಳಿಗೆ 20,000 ಬಾಡಿಗೆ ಅಂದುಕೊಳ್ಳಿ. ವರ್ಷಕ್ಕೆ 2,40,000. ನೀವು ಕಟ್ಟಿದ ಮನೆ ಕಂದಾಯ 10,000 ಕಳೆಯಿರಿ. ಉಳಿದ 2,30,000ದಲ್ಲಿ ಶೇ 30, ಅಂದರೆ 69,000 ರೂಪಾಯಿಗೆ ತೆರಿಗೆ ಇಲ್ಲ. ರಿಪೇರಿಗೆ ಒಂದು ರೂಪಾಯಿ ಹಾಕದಿದ್ದರೂ ಇದು ಸಿಗುತ್ತದೆ, ಎರಡು ಲಕ್ಷ ಸುರಿದರೂ ಇಷ್ಟೇ. ಪೇಂಟಿಂಗ್, ಪ್ಲಂಬರ್, ಬ್ರೋಕರ್ ಕಮಿಷನ್ ಯಾವುದನ್ನೂ ಬೇರೆ ಕಳೆಯುವಂತಿಲ್ಲ. ಈಗ ಉಳಿದದ್ದು 1,61,000. ಸಾಲದ ಬಡ್ಡಿ 1,20,000 ಇದ್ದರೆ ತೆರಿಗೆಗೆ ಬರುವುದು 41,000 ಮಾತ್ರ.

ಚೆನ್ನಾಗಿದೆ ಅಲ್ವಾ? ಆದರೆ ಇಎಂಐನಲ್ಲಿರುವ ಅಸಲನ್ನು ಬಾಡಿಗೆಯಿಂದ ಕಳೆಯಲು ಬರುವುದಿಲ್ಲ. ಸಾಲ ಹಳೆಯದಾದ ಹಾಗೆ ಬಡ್ಡಿ ಇಳಿಯುತ್ತದೆ, ತೆರಿಗೆಗೆ ಸಿಗುವ ಮೊತ್ತ ಏರುತ್ತದೆ.

ಇನ್ನು ಬಡ್ಡಿ ಜಾಸ್ತಿಯಾಗಿ ನಷ್ಟ ಬಂದರೆ? ಹಳೆ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು. ಮಿಕ್ಕಿದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಮನೆಯ ಆದಾಯದಲ್ಲಿ ಮಾತ್ರ ಕಳೆಯಬೇಕು. ಹೊಸ ಪದ್ಧತಿಯಲ್ಲಿ ಸಂಬಳದಿಂದ ಒಂದು ಪೈಸೆಯೂ ಕಳೆಯುವಂತಿಲ್ಲ. ನೀವೇನೂ ಆರಿಸದಿದ್ದರೆ ಸಿಗುವುದು ಹೊಸ ಪದ್ಧತಿಯೇ. ಹಾಗಾಗಿ ತೆರಿಗೆ ಉಳಿಸೋಕೆ ಅಂತ ಎರಡನೇ ಫ್ಲ್ಯಾಟ್ ತಗೊಳ್ಳಿ ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಸುಮ್ನೆ ಒಪ್ಪಬೇಡಿ.

[ಸ್ಕ್ರೀನ್ ಮೇಲೆ: ಮಾರುವಾಗ 12.5% ಅಥವಾ 20%]

ಮಾರುವ ವಿಷಯಕ್ಕೆ ಬರೋಣ. 24 ತಿಂಗಳು ದಾಟಿದ ಮನೆ ಮಾರಿದರೆ ಬರುವ ಲಾಭಕ್ಕೆ ಶೇ 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದರೆ ಇಲ್ಲಿನ ನಿವಾಸಿಗಳಿಗೆ ಇನ್ನೊಂದು ದಾರಿಯೂ ಇದೆ: ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ, ಲಾಭದ ಮೇಲೆ ಶೇ 20. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು.

2010–11ರಲ್ಲಿ 30 ಲಕ್ಷಕ್ಕೆ ಕೊಂಡ ಫ್ಲ್ಯಾಟ್ ಇದೆ ಅನ್ನಿ. ಬೆಲೆ ಎಷ್ಟು ಏರಿದೆ ಅಂತ ತೋರಿಸಲು ಸರ್ಕಾರ ಕೊಡುವ ಹಣದುಬ್ಬರ ಸೂಚ್ಯಂಕ ಆಗ 167, 2025–26ರದ್ದು 376. ಏರಿಸಿದ ಬೆಲೆ ಸುಮಾರು 67.5 ಲಕ್ಷ. 2025–26ರಲ್ಲಿ 90 ಲಕ್ಷಕ್ಕೆ ಮಾರಿದರೆ ಶೇ 20ರ ದಾರಿಯಲ್ಲಿ ತೆರಿಗೆ ಸುಮಾರು 4.5 ಲಕ್ಷ, ಶೇ 12.5ರಲ್ಲಿ 7.5 ಲಕ್ಷ. ಅದೇ ಫ್ಲ್ಯಾಟ್ ಒಂದೂವರೆ ಕೋಟಿಗೆ ಹೋದರೆ ಲೆಕ್ಕ ತಿರುಗುತ್ತದೆ: ಶೇ 20ರಲ್ಲಿ ಸುಮಾರು 16.5 ಲಕ್ಷ, ಶೇ 12.5ರಲ್ಲಿ 15 ಲಕ್ಷ. ಸೆಸ್, ಸರ್‌ಚಾರ್ಜ್ ಬೇರೆ. ಅದಕ್ಕೇ ಎರಡೂ ಲೆಕ್ಕ ಹಾಕಿಸಿ ನೋಡಿ.

ಲಾಭದ ದುಡ್ಡಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಉಂಟು. ಆದರೆ ರಿಟೈರ್‌ಮೆಂಟ್ ಹತ್ತಿರ ಇರುವವರು ತೆರಿಗೆ ತಪ್ಪಿಸಲು ಮತ್ತೆ ಮನೆಯನ್ನೇ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಆರು ತಿಂಗಳೊಳಗೆ 50 ಲಕ್ಷದವರೆಗೆ ಸರ್ಕಾರ ಸೂಚಿಸಿದ ಬಾಂಡ್‌ಗಳಲ್ಲಿ ಹಾಕಬಹುದು. ಐದು ವರ್ಷ ತೆಗೆಯುವಂತಿಲ್ಲ, ಬಡ್ಡಿಗೆ ತೆರಿಗೆಯೂ ಇದೆ. ಆದರೂ ಕೊನೆಗೆ ಕೈಗೆ ಬರುವುದು ನಗದು.

ನಗದಿನ ಮಾತು ಯಾಕೆ ಅಂದರೆ, ಆಸ್ಪತ್ರೆ ಬಿಲ್ 6 ಲಕ್ಷ ಬಂತು ಅನ್ನಿ, ಒಂದು ರೂಮು ಮಾತ್ರ ಮಾರಲು ಆಗುತ್ತದೆಯೇ? ಬಾಡಿಗೆಗೆ ಇದ್ದವರು ಖಾಲಿ ಮಾಡಿದರೆ ಆ ತಿಂಗಳು ಬಾಡಿಗೆಯೂ ಇಲ್ಲ, ಮೇಲಿಂದ ಅಡ್ವಾನ್ಸ್ ವಾಪಸ್ ಕೊಡಬೇಕು. ಅಡ್ವಾನ್ಸ್ ನಿಮ್ಮ ದುಡ್ಡಲ್ಲ, ಅದು ಸಾಲ. ಮುಟ್ಟದೆ ಎಫ್‌ಡಿಯಲ್ಲಿ ಇಡಿ. ಕೆಲಸ ಬಿಡುವ ಮೊದಲೇ ಮನೆ ಸಾಲ ತೀರಿರಲಿ. ಕನಿಷ್ಠ ಎರಡು ವರ್ಷದ ಖರ್ಚು ಬ್ಯಾಂಕಿನಲ್ಲಿರಲಿ. ಅಷ್ಟಾಗದಿದ್ದರೆ, ಎರಡು ಬಾಡಿಗೆ ಮನೆ ಇರುವವರು ಒಂದನ್ನು ಮಾರುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಹೆಂಡತಿ ದುಡ್ಡು ಹಾಕದೆ ಸುಮ್ನೆ ಅವರ ಹೆಸರಲ್ಲಿ ಮನೆ ಮಾಡಿದರೆ ಆ ಬಾಡಿಗೆ ಗಂಡನ ಆದಾಯಕ್ಕೇ ಸೇರುತ್ತದೆ. ಇಬ್ಬರೂ ನಿಜವಾಗಿ ದುಡ್ಡು ಹಾಕಿ ಜಂಟಿಯಾಗಿ ಕೊಂಡಿದ್ದರೆ ಬಾಡಿಗೆ ಅವರವರ ಪಾಲಿನಂತೆ ಹಂಚಿಹೋಗುತ್ತದೆ.

[ಸ್ಕ್ರೀನ್ ಮೇಲೆ: ಮಕ್ಕಳಿಗೆ]

ನಿಮ್ಮ ನಂತರ ಮನೆ ಮಕ್ಕಳಿಗೆ ಹೋಗುವಾಗ ನಮ್ಮ ದೇಶದಲ್ಲಿ ಈಗ ಉತ್ತರಾಧಿಕಾರ ತೆರಿಗೆ ಇಲ್ಲ. ಆದರೆ ಅವರು ಮಾರುವಾಗ ಕೊಂಡ ಬೆಲೆ ಅಂತ ಹಿಡಿಯುವುದು ನೀವು ಕೊಟ್ಟ ಬೆಲೆಯನ್ನೇ. ಮೇಲೆ ಮಹಡಿ ಕಟ್ಟಿಸಿದ ಖರ್ಚೂ ಸೇರುತ್ತದೆ, ಬಿಲ್ ಇದ್ದರೆ. ಕ್ರಯಪತ್ರ, ಬಿಲ್ಲು, ಕಂದಾಯ ರಸೀದಿ ಎಲ್ಲಾ ಒಂದೇ ಫೈಲಿನಲ್ಲಿಟ್ಟು ಮಕ್ಕಳಿಗೆ ತೋರಿಸಿಡಿ. ಸೊಸೈಟಿಯಲ್ಲಿ ನಾಮಿನಿ ಹೆಸರು ಬರೆಸಿದ ಮಾತ್ರಕ್ಕೆ ಅವರು ಮಾಲೀಕರಾಗುವುದಿಲ್ಲ, ವಿಲ್ ಬೇಕು. ಇಬ್ಬರು ಸಾಕ್ಷಿಗಳ ಸಹಿ ಇರಲಿ, ಅವರು ಪಾಲು ಪಡೆಯುವವರು ಆಗದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿಬಿಡಿ. ಯಾವ ಮನೆ ಯಾರಿಗೆ ಅನ್ನುವುದನ್ನು ಖಾತೆ ನಂಬರ್ ಸಮೇತ ಬರೆಯಿರಿ.