ಜ್ವರದ ಹೆಸರು ನಮಗೂ ತಿಳಿಯಬೇಕು

ನಮಸ್ಕಾರ. ರಾಯಚೂರಿನಿಂದ ಮಾತನಾಡುತ್ತಿದ್ದೇನೆ.

2022ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಮಾನ್ವಿ ತಾಲ್ಲೂಕಿನ ಒಂದು ಮಗುವಿನ ರಕ್ತದಲ್ಲಿ, ಸೊಳ್ಳೆಯಿಂದ ಹರಡುವ ಝಿಕಾ ವೈರಸ್ ಇರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ಕರ್ನಾಟಕಕ್ಕೆ ಅದು ಮೊದಲ ಪ್ರಕರಣ. ಮಗು ಎಲ್ಲಿಗೂ ಪ್ರಯಾಣ ಮಾಡಿರಲಿಲ್ಲ ಎಂದು ಅಂದಿನ ಆರೋಗ್ಯ ಸಚಿವರು ತಿಳಿಸಿದರು. ಹಾಗಿದ್ದರೆ ಕಚ್ಚಿದ ಸೊಳ್ಳೆ ಇಲ್ಲಿಯದೇ ಇರಬೇಕು, ಆ ಸೊಳ್ಳೆಗೆ ವೈರಸ್ ದಾಟಿಸಿದ ಇನ್ನೊಬ್ಬರು ಕೂಡ ಇಲ್ಲೇ ಎಲ್ಲೋ ಇದ್ದಿರಬೇಕು. ಝಿಕಾ ತಗುಲಿದ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲವಾದ್ದರಿಂದ ಆ ಇನ್ನೊಬ್ಬರಿಗೂ ತಮ್ಮ ಮೈಯಲ್ಲಿ ಏನಿತ್ತೆಂಬುದು ತಿಳಿದಿರಲಿಕ್ಕಿಲ್ಲ.

ಆ ಪ್ರಕರಣ ಪತ್ತೆಯಾದ ಬಗೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ರಕ್ತದ ಮಾದರಿಯನ್ನು ಮೊದಲು ಡೆಂಗಿ ಮತ್ತು ಚಿಕುನ್‌ಗುನ್ಯಾಗಾಗಿ ಪರೀಕ್ಷಿಸಲಾಗಿತ್ತು. ಇಂಥ ಮಾದರಿಗಳಲ್ಲಿ ಸಾಮಾನ್ಯವಾಗಿ ಶೇ 10ರಷ್ಟನ್ನು ಪುಣೆಗೆ ಕಳುಹಿಸುತ್ತಾರೆ. ಆ ಸಲ ಕಳುಹಿಸಿದ 3 ಮಾದರಿಗಳಲ್ಲಿ ಎರಡರಲ್ಲಿ ಏನೂ ಸಿಗಲಿಲ್ಲ, ಒಂದರಲ್ಲಿ ಝಿಕಾ ಸಿಕ್ಕಿತು. ಆ ಮಗುವಿನ ರಕ್ತ ಉಳಿದ ಶೇ 90ರಲ್ಲಿ ಸೇರಿಹೋಗಿದ್ದರೆ ಅದು ಬರೀ 'ವೈರಲ್ ಜ್ವರ' ಎನಿಸಿಕೊಳ್ಳುತ್ತಿತ್ತು. ನಮ್ಮ ಕಡೆ ಯಾವ ದವಾಖಾನೆಗೆ ಹೋದರೂ ಕೇಳುವ ಮಾತು ಅದೇ: ವೈರಲ್ ಜ್ವರ ಐತಿ, ಸಲಾಯಿನ್ ಹಚ್ತೀವಿ, ಪ್ಲೇಟ್‌ಲೆಟ್ ನೋಡೋಣ. ರೋಗಿ ಗುಣವಾದರೆ ವಿಚಾರ ಅಲ್ಲಿಗೆ ಮುಗಿಯುತ್ತದೆ, ಜ್ವರದ ನಿಜವಾದ ಹೆಸರು ಯಾರ ಕಡತದಲ್ಲೂ ಉಳಿಯುವುದಿಲ್ಲ.

ಜಗತ್ತಿನ ವಿಜ್ಞಾನಿಗಳು ಈ ಹೆಸರುಗಳನ್ನು ಹುಡುಕಲು ಪಟ್ಟ ಪಾಡು ಸಣ್ಣದಲ್ಲ. 1947ರಲ್ಲಿ ಉಗಾಂಡಾದ ಝಿಕಾ ಕಾಡಿನಲ್ಲಿ ಮರದ ಮೇಲಿನ ಅಟ್ಟಣಿಗೆಗಳಲ್ಲಿ ಕೋತಿಗಳನ್ನು ಪಂಜರದಲ್ಲಿಟ್ಟು ಹಳದಿ ಜ್ವರವೆಂಬ ಇನ್ನೊಂದು ಸೊಳ್ಳೆರೋಗದ ವೈರಸ್ಸಿಗಾಗಿ ಕಾಯುತ್ತಿದ್ದ ಸಂಶೋಧಕರಿಗೆ, ಜ್ವರ ಬಂದ ಒಂದು ಕೋತಿಯ ರಕ್ತದಲ್ಲಿ ಅದುವರೆಗೆ ಯಾರೂ ಕಾಣದಿದ್ದ ವೈರಸ್ ಸಿಕ್ಕಿತು; ಮರುವರ್ಷ ಅದೇ ಕಾಡಿನ ಸೊಳ್ಳೆಗಳಲ್ಲೂ ಅದು ದೊರೆಯಿತು. ಅದರಿಂದ ಮೊದಲ ದೊಡ್ಡ ಹಾವಳಿಯಾದದ್ದು 60 ವರ್ಷಗಳ ನಂತರ, 2007ರಲ್ಲಿ, ಶಾಂತಸಾಗರದ ಯಾಪ್ ದ್ವೀಪದಲ್ಲಿ. ಆಮೇಲೆ 2015ರ ಬ್ರೆಜಿಲ್. ಗರ್ಭಿಣಿಯರಿಗೆ ಸೋಂಕು ತಗುಲಿ ಚಿಕ್ಕ ತಲೆಯ ಶಿಶುಗಳು ಹುಟ್ಟುತ್ತಿರುವುದು ಗೊತ್ತಾದಾಗ, 2016ರ ಫೆಬ್ರುವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಸಾರಿತು. ವೈರಸ್ಸಿನ ಹೆಸರು ಅರವತ್ತು ಚಿಲ್ಲರೆ ವರ್ಷಗಳಿಂದ ಪುಸ್ತಕದಲ್ಲಿತ್ತು, ಅದು ಎಲ್ಲಿ ಓಡಾಡುತ್ತಿದೆ ಎಂಬ ಲೆಕ್ಕ ಮಾತ್ರ ಇರಲಿಲ್ಲ.

ಚಿಕುನ್‌ಗುನ್ಯಾ ವಿಷಯಕ್ಕೆ ಬಂದರೆ ನನಗೆ ಪುಸ್ತಕ ಬೇಕಿಲ್ಲ. 2006ರಲ್ಲಿ ನಮ್ಮ ಓಣಿಯಲ್ಲಿ ಗೋಡೆ ಹಿಡಿಯದೆ ನಡೆಯಬಲ್ಲ ಹಿರಿಯರು ಇರಲಿಲ್ಲ. ನಮ್ಮ ಅಮ್ಮ ಕೊಡ ಎತ್ತಲಾಗದೆ ತಂಬಿಗೆಯಲ್ಲಿ ನೀರು ಹೊತ್ತರು; ರೊಟ್ಟಿ ಬಡಿಯಲು ಅವರಿಗೆ ಮತ್ತೆ ಕೈ ಬಂದದ್ದು ಎಷ್ಟೋ ತಿಂಗಳ ಮೇಲೆ. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. 1963ರಲ್ಲಿ ಕೋಲ್ಕತ್ತದಲ್ಲಿ ಕಾಣಿಸಿಕೊಂಡ ವೈರಸ್ ಏಷ್ಯಾದ ತಳಿಯದು, 2005ರಲ್ಲಿ ಮರಳಿ ಬಂದದ್ದು ಆಫ್ರಿಕಾ ಮೂಲದ ಬೇರೆ ತಳಿ ಎಂಬುದನ್ನು ಪುಣೆಯ ವಿಜ್ಞಾನಿಗಳು ಗುರುತಿಸಿದರು. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಈ ವೈರಸ್ಸಿನ ಒಂದೇ ಒಂದು ಪ್ರೋಟೀನ್ ಬದಲಾವಣೆಯಿಂದ ಈಡಿಸ್ ಆಲ್ಬೊಪಿಕ್ಟಸ್ ಎಂಬ ಸೊಳ್ಳೆಯೂ ಅದನ್ನು ಸುಲಭವಾಗಿ ಹರಡತೊಡಗಿದ್ದು ಕಂಡುಬಂತು. ಅಲ್ಲಿಯ ದ್ವೀಪ ಮತ್ತು ಇಲ್ಲಿಯ ಓಣಿಯ ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರಿಂದಲೇ ಇದೆಲ್ಲ ತಿಳಿಯಿತು. ಹೊರದೇಶದ ಸಂಶೋಧನೆ ನಮಗೇಕೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಭತ್ತದ ಗದ್ದೆಯ ಮಾತನ್ನೂ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಗದ್ದೆಗಳಲ್ಲಿ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುತ್ತದೆ; ಅದು ಹಂದಿ ಮತ್ತು ಕೊಕ್ಕರೆ ಜಾತಿಯ ಹಕ್ಕಿಗಳಿಂದ ಮಕ್ಕಳಿಗೆ ಮಿದುಳು ಜ್ವರ ತರುತ್ತದೆ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಈ ಕಾಯಿಲೆಗೆ ಲಸಿಕೆಯಿದೆ, ನಮ್ಮ ಜಿಲ್ಲೆಯಲ್ಲಿ ಕೊಡುತ್ತಿದ್ದಾರೆ, ದಯವಿಟ್ಟು ಮಕ್ಕಳಿಗೆ ಹಾಕಿಸಿ. 2022ರಲ್ಲಿ ಆಗ್ನೇಯ ಆಸ್ಟ್ರೇಲಿಯಾದಲ್ಲಿ ಇದೇ ವೈರಸ್ ಹರಡಿದ್ದು ಗೊತ್ತಾದದ್ದು ಹಂದಿ ಸಾಕಣೆಯವರಿಂದ: ಮರಿಗಳು ಸತ್ತು ಹುಟ್ಟುತ್ತಿವೆ ಎಂದು ಅವರು ತಿಳಿಸಿದರು, ಪಶುವೈದ್ಯರು ಮಾದರಿ ಕಳುಹಿಸಿದರು. ಅಲ್ಲಿ ಸೊಳ್ಳೆ ಬೋನಿನೊಳಗೆ ಜೇನು ಸವರಿದ ಕಾಗದದ ಕಾರ್ಡ್ ಇಡುವ ಪದ್ಧತಿಯೂ ಇದೆ. ಜೇನು ಹೀರುವಾಗ ಸೊಳ್ಳೆ ಬಿಟ್ಟ ಜೊಲ್ಲಿನಲ್ಲಿ ವೈರಸ್ ಹುಡುಕುತ್ತಾರೆ. ಇಷ್ಟು ಸರಳವಾದದ್ದನ್ನು ಸಿಂಧನೂರಿನ ಗದ್ದೆಯ ಬದುವಿನಲ್ಲಿ ಇಡಬಾರದೇ?

ಪತ್ತೆಯಾದದ್ದನ್ನು ಜನರಿಗೆ ಹೇಳದಿದ್ದರೆ ಅದೂ ಅರ್ಧ ಕೆಲಸವೇ. ಅಹಮದಾಬಾದಿನಲ್ಲಿ 2016ರ ಫೆಬ್ರುವರಿಯಿಂದ 2017ರ ಜನವರಿಯ ನಡುವೆ ಮೂವರಲ್ಲಿ ಝಿಕಾ ಪತ್ತೆಯಾಗಿತ್ತು, ಅವರಲ್ಲಿ ಒಬ್ಬರು ಗರ್ಭಿಣಿ, ಇನ್ನೊಬ್ಬರು ಬಾಣಂತಿ. ದೇಶ ಅದನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ದು 2017ರ ಮೇ ತಿಂಗಳಲ್ಲಿ. ಜನ ಗಾಬರಿಯಾಗುತ್ತಾರೆಂದು ಮುಚ್ಚಿಟ್ಟರೆ, ಸೊಳ್ಳೆಪರದೆ ಕಟ್ಟಿಕೊಳ್ಳಬೇಕಾದ ಹೆಣ್ಣುಮಗಳಿಗೆ ಯಾವ ಕಾರಣವೂ ಗೊತ್ತಾಗುವುದಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡ ನಿಗದಿಮಾಡಿತು: ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಓಣಿಯ ನಲ್ಲಿಗೆ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಬ್ಯಾರಲ್, ಹಂಡೆ, ಸಿಮೆಂಟ್ ತೊಟ್ಟಿ ತುಂಬಿಡದೆ ಬದುಕುವುದು ಹೇಗೆ? ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಒಣಗಿದ ಅಂಚಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಬರೀ ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು, ತೊಳೆಯಲೂ ನೀರೇ ಬೇಕು. ಹಾಗಾಗಿ ನಲ್ಲಿಗೆ ದಿನವೂ ನೀರು ಬಿಡುವುದನ್ನು ನಾನು ರೋಗ ನಿಯಂತ್ರಣದ ಲೆಕ್ಕಕ್ಕೇ ಸೇರಿಸುತ್ತೇನೆ.

ಕೋವಿಡ್ ಕಾಲದಲ್ಲಿ ಜಿಲ್ಲೆಗಳಿಗೆ ಆರ್‌ಟಿ-ಪಿಸಿಆರ್ ಯಂತ್ರಗಳು ಬಂದವು, ಅವನ್ನು ನಡೆಸುವವರು ತರಬೇತಾದರು. ಆ ಯಂತ್ರಗಳಲ್ಲಿ ಝಿಕಾ, ಚಿಕುನ್‌ಗುನ್ಯಾ, ಡೆಂಗಿ ಮೂರನ್ನೂ ಇಲ್ಲಿಯೇ ನೋಡುವಂತಾದರೆ, ಸುಮಾರು 500 ಕಿಲೋಮೀಟರ್ ದೂರದ ಪುಣೆಗೆ ಅನುಮಾನದ ಮಾದರಿಗಳನ್ನಷ್ಟೇ ಕಳುಹಿಸಬಹುದು. ಬ್ಯಾಟರಿ ಹಿಡಿದು ಮನೆಮನೆಯ ಬ್ಯಾರಲ್ಲಿನಲ್ಲಿ ಮರಿಹುಳ ಎಣಿಸುವ ಆಶಾ ಕಾರ್ಯಕರ್ತೆಗೆ ಆ ಎಣಿಕೆಯಿಂದ ಏನು ತಿಳಿಯಿತೆಂದು ಮರಳಿ ಹೇಳಬೇಕು. ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ತಿಂಗಳಿಗೊಮ್ಮೆ ಮೂರು ಸಾಲು ಬರೆದರೆ ಸಾಕು: ನಮ್ಮ ಊರಿಂದ ಎಷ್ಟು ಮಾದರಿ ಹೋದವು, ಎಷ್ಟರ ಉತ್ತರ ಬಂತು, ಯಾವ ಜ್ವರ ಸಿಕ್ಕಿತು.