ಊಟದ ಬಿಡುವು ಯಾರಿಗೆ ಬಿಡುವು?

ಕೇಳುಗರಿಗೆ ನಮಸ್ಕಾರ.

ಆಟಿಸಂ ಎಂದರೆ ಸುತ್ತಲಿನದನ್ನು ಗ್ರಹಿಸುವ, ಇತರರೊಡನೆ ಬೆರೆಯುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು. ಅದು ಇರುವ ಮಗನೋ ಮಗಳೋ ಹಾಸನದ ಕಾಲೇಜೊಂದಕ್ಕೆ ಸೇರಿದಾಗ ಹೆತ್ತವರು ಮೊದಲು ವಿಚಾರಿಸುವುದು ಸೀಟು ಮತ್ತು ಪರೀಕ್ಷೆಯನ್ನು. ಅವೆರಡಕ್ಕೂ ದಾರಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಅದರ ಮಟ್ಟ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರೆ, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇಕಡ 5ರ ಮೀಸಲಾತಿಗೆ ಅರ್ಹತೆ ಸಿಗುತ್ತದೆ. ಬರೆಯಲು ತೊಡಕಿರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಉಂಟು.

ನನ್ನ ಚಿಂತೆ ಇರುವುದು ಮಧ್ಯಾಹ್ನ ಒಂದರಿಂದ ಎರಡು ಗಂಟೆಯವರೆಗಿನ ಹೊತ್ತಿನ ಬಗ್ಗೆ. ಕ್ಯಾಂಟೀನಿನಲ್ಲಿ ಸ್ಟೀಲ್ ತಟ್ಟೆಗಳು ತೊಟ್ಟಿಗೆ ಬೀಳುತ್ತವೆ, ಮಿಕ್ಸಿ ಗರ್‍ರೆನ್ನುತ್ತದೆ, ಯಾರದೋ ಮೊಬೈಲಿನಲ್ಲಿ ಹಾಡು. ನಮ್ಮಲ್ಲಿ ಬಹಳ ಜನರ ಮಿದುಳು ಬೇಡದ ಸದ್ದನ್ನು ತಾನೇ ಬದಿಗೆ ಸರಿಸುತ್ತದೆ. ಆಟಿಸಂ ಇರುವ ಅನೇಕರಲ್ಲಿ ಹಾಗಾಗುವುದಿಲ್ಲ. ಎಲ್ಲವೂ ಒಂದೇ ಜೋರಿನಲ್ಲಿ ಮೈಮೇಲೆ ಬೀಳುತ್ತವೆ. ಡಬ್ಬಿ ಬಿಚ್ಚದೆ, ಸೈಕಲ್ ಸ್ಟ್ಯಾಂಡಿನ ಹಿಂದೆ ನಿಂತು ಹೊತ್ತು ಕಳೆದ ಹುಡುಗ ಮೂರು ಗಂಟೆಯ ಪಾಠದಲ್ಲಿ ಸೋತು ಕುಳಿತರೆ, ನಾವು ಅದನ್ನು ಅಲಕ್ಷ್ಯವೆಂದು ಬಗೆಯುತ್ತೇವೆ. ಖಾಲಿ ಇರುವ ಒಂದು ಕೊಠಡಿಯಲ್ಲಿ ಕುಳಿತು ಉಣ್ಣಲು ಅನುಮತಿ ಕೊಡಿ. ಅದಕ್ಕೆ ಖರ್ಚಿಲ್ಲ, ಪ್ರಾಂಶುಪಾಲರ ಒಂದು ಮಾತು ಸಾಕು.

ಗೆಳೆಯರಿಗೂ ಒಂದು ವಿನಂತಿ. ‘ಸಂಜೆ ಸಿಗೋಣ’ ಎಂದು ಬಾಯಿಮಾತಿಗೆ ಹೇಳಿ ಹೋಗಬೇಡಿ. ಅದನ್ನು ನಂಬಿ ಕತ್ತಲಾಗುವವರೆಗೂ ಕಾಯುವವರಿದ್ದಾರೆ. ನಾಲ್ಕೂವರೆಗೆ, ಗ್ರಂಥಾಲಯದ ಮೆಟ್ಟಿಲ ಬಳಿ ಎಂದು ಹೇಳಿ, ಹೇಳಿದಂತೆ ಬನ್ನಿ.

ಇನ್ನು ನಮ್ಮೂರಿನದೇ ಒಂದು ಸಂಗತಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗುಡಿ ಬಾಗಿಲು ತೆರೆಯುತ್ತದೆ. ಆಮೇಲೆ ದೀಪಾವಳಿ ಮುಗಿಯುವವರೆಗೆ ಊರೆಲ್ಲ ಜನ. ಬಸ್ಸಿನ ಹೊತ್ತು, ದಾರಿ ಎರಡೂ ಏರುಪೇರು. ದಿನವೂ ಒಂದೇ ಬಸ್ಸು, ಒಂದೇ ಕಿಟಕಿಯ ಸೀಟು ಎಂಬ ಕ್ರಮದ ಬಲದಿಂದ ಒಬ್ಬಳೇ ಓಡಾಡುವ ಹುಡುಗಿಗೆ ಇದು ದೊಡ್ಡ ಪೆಟ್ಟು. ಬದಲಾಗುವ ವೇಳೆಯನ್ನು ಒಂದು ವಾರ ಮೊದಲೇ ಬರೆದು ಕೊಟ್ಟರೆ, ಒಮ್ಮೆ ಜೊತೆಗೆ ಹೋಗಿ ತೋರಿಸಿದರೆ, ಅವಳು ನಿಭಾಯಿಸಬಲ್ಲಳು.

ಇಷ್ಟೆಲ್ಲ ಮಾಡುವ ಉತ್ಸಾಹದಲ್ಲಿ ತರಗತಿಯ ಮುಂದೆ ನಿಂತು ‘ಇವರಿಗೆ ಆಟಿಸಂ ಇದೆ’ ಎಂದು ಸಾರಬೇಡಿ. ಹೇಳಬೇಕೋ ಬೇಡವೋ, ಯಾರಿಗೆ ಹೇಳಬೇಕು ಎಂಬುದು ಆ ವಿದ್ಯಾರ್ಥಿಗೆ ಬಿಟ್ಟ ವಿಷಯ. ಅವರನ್ನು ಪಕ್ಕಕ್ಕೆ ಕರೆದು, ಏನು ಬೇಕೆಂದು ಕೇಳಿ. ಬಾಯಲ್ಲಿ ಹೇಳಲು ಕಷ್ಟವಾದರೆ ಬರೆದು ಕೊಡಲಿ, ಎರಡು ದಿನ ತಡವಾದರೂ ಸರಿ.

ನಮಸ್ಕಾರ.